ಕೂಸಿನ ಎಚ್ಚರವೇ ಕೂಸಿನ ಕಾವಲು

ಮೂರು ತಿಂಗಳ ಕೂಸನ್ನು ಬೋರಲು ಮಲಗಿಸಿದರೆ ಬೇಗ ನಿದ್ದೆ ಹತ್ತುತ್ತದೆ. ಹೆಚ್ಚು ಹೊತ್ತು ಮಲಗುತ್ತದೆ, ಕೈಕಾಲು ಅದುರಿಸಿ ಬೆಚ್ಚಿ ಬೀಳುವುದು ಕಡಿಮೆ, ಸಣ್ಣಪುಟ್ಟ ಸದ್ದಿಗೆ ಏಳುವುದೂ ಇಲ್ಲ. ಮಕ್ಕಳನ್ನು ಸಾಕಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಶಿಶುಗಳ ನಿದ್ದೆಯನ್ನು ಉಪಕರಣ ಹಚ್ಚಿ ಅಳೆದ ಸಂಶೋಧಕರೂ ಇದು ನಿಜವೆಂದೇ ಕಂಡಿದ್ದಾರೆ. ಅಪಾಯ ಅಡಗಿರುವುದೂ ಇಲ್ಲಿಯೇ. ಸುಲಭಕ್ಕೆ ಎಚ್ಚರವಾಗದ ನಿದ್ದೆ ದೊಡ್ಡವರಿಗೆ ಸುಖ, ಎಳೆಗೂಸಿಗೆ ಅದು ಒಮ್ಮೊಮ್ಮೆ ಜೀವಕ್ಕೇ ಮುಳುವಾಗುತ್ತದೆ.

ಆರೋಗ್ಯವಾಗಿ ಹಾಲು ಕುಡಿದು, ನಕ್ಕು, ಕೈಕಾಲು ಆಡಿಸಿಕೊಂಡಿದ್ದ ಮಗು ಮಲಗಿದಲ್ಲೇ ತೀರಿಕೊಳ್ಳುವುದನ್ನು ವೈದ್ಯರು ಹಠಾತ್ ಶಿಶು ಮರಣ ಎನ್ನುತ್ತಾರೆ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಬಂದ ‘ಸಿಡ್ಸ್’ ಎಂಬ ಪದವೂ ರೂಢಿಯಲ್ಲಿದೆ. 1969ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸೇರಿದ್ದ ತಜ್ಞರ ಸಭೆ ಈ ಹೆಸರನ್ನು ನೆಲೆಗೊಳಿಸಿತು. ಈಗಿನ ವ್ಯಾಖ್ಯೆ ಹೀಗಿದೆ: ಒಂದು ವರ್ಷದೊಳಗಿನ ಮಗು ಹಠಾತ್ತನೆ ತೀರಿಕೊಂಡು, ಮರಣೋತ್ತರ ಪರೀಕ್ಷೆ ಮಾಡಿ, ಮಲಗಿದ್ದ ಜಾಗವನ್ನು ಪರಿಶೀಲಿಸಿ, ಹಿಂದಿನ ಆರೋಗ್ಯದ ವಿವರಗಳನ್ನೆಲ್ಲ ಜಾಲಾಡಿದ ಮೇಲೂ ಕಾರಣ ತಿಳಿಯದಿದ್ದರೆ ಮಾತ್ರ ಅದು ಸಿಡ್ಸ್. ಹಾಗಾಗಿ ಇದನ್ನು ಕಾಯಿಲೆಯೊಂದರ ಹೆಸರು ಎಂದುಕೊಳ್ಳುವುದು ಸರಿಯಲ್ಲ. ಎಲ್ಲ ಕಡೆ ಹುಡುಕಿದೆವು, ಕಾರಣ ಸಿಗಲಿಲ್ಲ ಎಂದು ವೈದ್ಯರು ಬರೆದಿಡುವ ಮಾತು ಅದು.

ಇದರ ಪಕ್ಕದಲ್ಲೇ ಇನ್ನೊಂದು ಬಗೆಯ ಸಾವುಗಳಿವೆ. ದಿಂಬಿಗೆ ಮುಖ ಒತ್ತಿ, ಹೊದಿಕೆ ಮುಖದ ಮೇಲೆ ಬಂದು, ಹಾಸಿಗೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡು ಉಸಿರುಗಟ್ಟುವಂಥವು. ಎಷ್ಟೋ ಪ್ರಕರಣಗಳಲ್ಲಿ ಸಾವು ಸಿಡ್ಸ್‌ನದೋ, ಉಸಿರುಗಟ್ಟಿದ್ದೋ ಎಂದು ಬಿಡಿಸಿ ಹೇಳುವುದೇ ಕಷ್ಟ. ಇವೆಲ್ಲವನ್ನೂ ಸೇರಿಸಿದರೆ ಅಮೆರಿಕ ಒಂದರಲ್ಲೇ ಈಗಲೂ ವರ್ಷಕ್ಕೆ ಸುಮಾರು 3,500 ಶಿಶುಗಳು ನಿದ್ದೆಯಲ್ಲಿ ತೀರಿಕೊಳ್ಳುತ್ತವೆ. ಸಿಡ್ಸ್ ಹೆಚ್ಚಾಗಿ ಕಾಣುವುದು ಎರಡರಿಂದ ನಾಲ್ಕು ತಿಂಗಳ ನಡುವೆ. ಹತ್ತರಲ್ಲಿ ಒಂಬತ್ತು ಸಾವು ಆರು ತಿಂಗಳು ತುಂಬುವುದರೊಳಗೇ ಆಗುತ್ತವೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ತುಸು ಹೆಚ್ಚು. ದಿನ ತುಂಬುವ ಮೊದಲೇ ಹುಟ್ಟಿದವರಲ್ಲಿ, ತೂಕ ಕಡಿಮೆ ಇರುವವರಲ್ಲಿ ಇನ್ನೂ ಹೆಚ್ಚು.

ಒಂದು ಉಸಿರಿನ ಕಥೆ

ಮೆತ್ತನೆಯ ಹಾಸಿನ ಮೇಲೆ ಬೋರಲು ಮಲಗಿದ ಕೂಸೊಂದನ್ನು ಹತ್ತಿರದಿಂದ ನೋಡೋಣ. ಕತ್ತು ಇನ್ನೂ ಸರಿಯಾಗಿ ನಿಂತಿಲ್ಲ. ಮೂಗು ಬಟ್ಟೆಗೆ ತಾಗಿದೆ, ಕೆನ್ನೆಯ ಸುತ್ತ ಹಾಸಿಗೆ ತಗ್ಗಾಗಿ ಸಣ್ಣ ಬಟ್ಟಲಿನಂತಾಗಿದೆ. ಹೊರಗೆ ಬಿಟ್ಟ ಉಸಿರು ಆ ಬಟ್ಟಲಿನಲ್ಲೇ ನಿಲ್ಲುತ್ತದೆ. ಮುಂದಿನ ಬಾರಿ ಎಳೆದುಕೊಳ್ಳುವುದು ಅದೇ ಗಾಳಿಯನ್ನು. ಒಂದೊಂದು ಉಸಿರಿಗೂ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ.

ಹೆಚ್ಚಿನ ಮಕ್ಕಳಲ್ಲಿ ಮುಂದೆ ಆಗುವುದು ಇಷ್ಟು. ಮಿದುಳಿನ ಬುಡದಲ್ಲಿರುವ ಕಾಂಡಭಾಗ ರಕ್ತದಲ್ಲಾದ ಬದಲಾವಣೆಯನ್ನು ಪತ್ತೆಹಚ್ಚುತ್ತದೆ. ಮೊದಲು ಒಂದು ದೀರ್ಘ ನಿಟ್ಟುಸಿರು ಬರುತ್ತದೆ. ಅದರ ಬೆನ್ನಿಗೇ ಮೈ ಬೆಚ್ಚುತ್ತದೆ. ಆಮೇಲೆ ಕೈಕಾಲು ಒದೆದಾಟ. ತಲೆ ಒಂದಿಷ್ಟು ಮೇಲೆದ್ದು ಪಕ್ಕಕ್ಕೆ ಹೊರಳುತ್ತದೆ, ಮೂಗು ಬಿಡುವಾಗುತ್ತದೆ. ಕೂಸು ಅರೆಗಣ್ಣು ತೆರೆದು ಕುಂಯ್ ಎಂದು ಮತ್ತೆ ನಿದ್ದೆಗೆ ಜಾರುತ್ತದೆ, ಇಲ್ಲವೇ ಪೂರ್ತಿ ಎದ್ದು ಅಳುತ್ತದೆ. ಇಡೀ ಪ್ರಸಂಗ ಕೆಲವೇ ಸೆಕೆಂಡುಗಳದ್ದು. ಪಕ್ಕದಲ್ಲಿ ಮಲಗಿದವರಿಗೆ ಗೊತ್ತೇ ಆಗದೆ ಹೋಗಬಹುದು. ರಾತ್ರಿಯೆಲ್ಲ ಆಗಾಗ ಎದ್ದು ಕಾಡುವ ಮಗುವಿನ ತಾಯಿಗೆ ಈ ಮಾತು ಸಮಾಧಾನ ತರಲಿಕ್ಕಿಲ್ಲವೇನೋ, ಆದರೂ ಹೇಳುತ್ತೇನೆ: ಹಾಗೆ ಏಳುವುದು ಅದರ ಮಿದುಳು ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಕೆಲವು ಮಕ್ಕಳಲ್ಲಿ ಮಿದುಳಿನ ಈ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ, ಅಥವಾ ತಡವಾಗಿ ಬಾರಿಸುತ್ತದೆ. ನಿಟ್ಟುಸಿರಿಲ್ಲ, ಬೆಚ್ಚುವುದಿಲ್ಲ, ತಲೆ ಹೊರಳುವುದಿಲ್ಲ. ಆಮ್ಲಜನಕ ತೀರಾ ಇಳಿದಾಗ ದೇಹ ಕೊನೆಯ ಅಸ್ತ್ರವಾಗಿ ಏದುಸಿರು ಎಳೆಯುತ್ತದೆ, ಅದೂ ಸಾಲದೆ ಹೋಗುತ್ತದೆ. ಏಕೆ ಹೀಗೆ ಎಂದು ಅಮೆರಿಕದ ಬಾಸ್ಟನ್‌ನಲ್ಲಿ ಹ್ಯಾನಾ ಕಿನ್ನಿ ಎಂಬ, ಮಿದುಳಿನ ಅಂಗಾಂಶ ಪರೀಕ್ಷಿಸುವ ರೋಗಶಾಸ್ತ್ರಜ್ಞೆ ದಶಕಗಳ ಕಾಲ ಹುಡುಕಿದರು. ಹೀಗೆ ತೀರಿಕೊಂಡ ಅನೇಕ ಶಿಶುಗಳ ಮಿದುಳಿನ ಕಾಂಡದಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ವ್ಯವಸ್ಥೆ ಸರಿಯಾಗಿಲ್ಲ ಎಂಬುದನ್ನು ಅವರ ತಂಡ ಕಂಡಿತು. ಉಸಿರು, ಹೃದಯದ ಬಡಿತ, ಮೈಬಿಸಿ, ಎಚ್ಚರ ಇವುಗಳನ್ನೆಲ್ಲ ಹದದಲ್ಲಿಡುವ ವ್ಯವಸ್ಥೆ ಅದು. ಹೊರಗಿನಿಂದ ನೋಡಿದರೆ ಇಂಥ ಮಗುವಿಗೂ ಬೇರೆ ಮಗುವಿಗೂ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

1994ರಲ್ಲಿ ಕಿನ್ನಿ ಮತ್ತು ಅವರ ಸಹೋದ್ಯೋಗಿ ಫಿಲಿಯಾನೊ ಇದನ್ನೆಲ್ಲ ಸೇರಿಸಿ ಒಂದು ವಿವರಣೆ ಕೊಟ್ಟರು. ಸಾವು ಆಗಬೇಕಾದರೆ ಮೂರು ಸಂಗತಿ ಒಟ್ಟಿಗೆ ಕೂಡಿಬರಬೇಕು. ಒಂದು, ಒಳಗೆ ಅಡಗಿರುವ ದೌರ್ಬಲ್ಯ. ಎರಡು, ಉಸಿರು ಮತ್ತು ನಿದ್ದೆಯ ಲಯ ಮಿದುಳಿನಲ್ಲಿ ಹೊಸದಾಗಿ ಜೋಡಣೆಯಾಗುತ್ತಿರುವ ಮೊದಲ ಆರು ತಿಂಗಳ ಆಸುಪಾಸಿನ ವಯಸ್ಸು. ಮೂರು, ಹೊರಗಿನ ಒತ್ತಡ: ಬೋರಲು ಮಲಗುವುದು, ಮುಖಕ್ಕೆ ಬಂದ ಹೊದಿಕೆ, ಅತಿ ಸೆಕೆ, ಹೊಗೆ. ಮೊದಲನೆಯದನ್ನು ಮುಂಚಿತವಾಗಿ ಪತ್ತೆಹಚ್ಚುವ ಪರೀಕ್ಷೆ ಇವತ್ತಿಗೂ ಇಲ್ಲ. 2022ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ರಕ್ತದ ಒಂದು ಕಿಣ್ವ ಈ ಶಿಶುಗಳಲ್ಲಿ ಕಡಿಮೆಯಿತ್ತು ಎಂದು ಪ್ರಕಟಿಸಿದಾಗ ‘ಕಾರಣ ಸಿಕ್ಕೇಬಿಟ್ಟಿತು’ ಎಂದು ಜಗತ್ತಿನಾದ್ಯಂತ ಸುದ್ದಿ ಹಬ್ಬಿತು. ಅದು ಕೆಲವೇ ಹತ್ತು ಶಿಶುಗಳ ಮಾದರಿ ಇಟ್ಟುಕೊಂಡು ಮಾಡಿದ ಅಧ್ಯಯನ, ಒಂದು ಸುಳಿವು ಅಷ್ಟೆ. ಎರಡನೆಯದು ವಯಸ್ಸು, ತಾನಾಗಿ ದಾಟಿಹೋಗುತ್ತದೆ. ನಮ್ಮ ಕೈಯಲ್ಲಿರುವುದು ಮೂರನೆಯದು ಮಾತ್ರ. ಯಾವ ಮಗುವಿನಲ್ಲಿ ದೌರ್ಬಲ್ಯವಿದೆ ಎಂದು ಗೊತ್ತಾಗದಿರುವುದರಿಂದ ಎಲ್ಲ ಮಕ್ಕಳಿಗೂ ಒಂದೇ ನಿಯಮ.

ಸಲಹೆಯೇ ತಲೆಕೆಳಗಾಗಿದ್ದ ಕಾಲ

ಶತಮಾನಗಳ ಕಾಲ ಇಂಥ ಸಾವಿಗೆ ತಾಯಿಯನ್ನೇ ದೂರಿದರು. ನಿದ್ದೆಗಣ್ಣಲ್ಲಿ ಮಗುವಿನ ಮೇಲೆ ಹೊರಳಿಬಿಟ್ಟಳು ಎಂದರು. ಆಮೇಲೆ ವೈದ್ಯಶಾಸ್ತ್ರ ಎದೆಗೂಡಿನ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯತ್ತ ಬೆರಳು ಮಾಡಿತು. ಹಠಾತ್ತನೆ ತೀರಿಕೊಂಡ ಶಿಶುಗಳಲ್ಲಿ ಅದು ದೊಡ್ಡದಾಗಿ ಕಾಣುತ್ತಿತ್ತು, ಅದೇ ಶ್ವಾಸನಾಳವನ್ನು ಒತ್ತಿರಬೇಕು ಎಂದುಕೊಂಡರು. ನಿಜವೆಂದರೆ ಶಿಶುವಿನ ಥೈಮಸ್ ಇರಬೇಕಾದ್ದೇ ಅಷ್ಟು ದೊಡ್ಡದು. ದೀರ್ಘ ಕಾಯಿಲೆಯಿಂದ, ಹಸಿವಿನಿಂದ ಸತ್ತ ಮಕ್ಕಳಲ್ಲಿ ಅದು ಕುಗ್ಗಿರುತ್ತದೆ. ವೈದ್ಯರು ಹೆಚ್ಚಾಗಿ ಕೊಯ್ದು ನೋಡಿದ್ದು ಅಂಥ ದೇಹಗಳನ್ನೇ ಆದ್ದರಿಂದ ಕುಗ್ಗಿದ್ದೇ ಸಹಜ ಎಂದು ನಂಬಿದ್ದರು. ಆ ನಂಬಿಕೆಯಲ್ಲಿ 20ನೇ ಶತಮಾನದ ಮೊದಲ ದಶಕಗಳಲ್ಲಿ ಸಾವಿರಾರು ಆರೋಗ್ಯವಂತ ಮಕ್ಕಳ ಎದೆಗೆ ಎಕ್ಸ್-ರೇ ಕಿರಣ ಹಾಯಿಸಿದರು. ಅವರಲ್ಲಿ ಅನೇಕರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು.

ಇದಕ್ಕಿಂತ ದೊಡ್ಡ ತಪ್ಪು ಇನ್ನೂ ಬರುವುದಿತ್ತು. ಅಂಗಾತ ಮಲಗಿದ ಮಗು ಹಾಲು ಕಕ್ಕಿದರೆ ಅದು ಉಸಿರಿನ ದಾರಿಗೆ ಹೋಗಿ ಸಾಯಬಹುದು, ಆದ್ದರಿಂದ ಬೋರಲು ಮಲಗಿಸಿ ಎಂಬ ಸಲಹೆ 1940ರ ದಶಕದಿಂದಲೇ ಶುರುವಾಗಿತ್ತು. 1950ರ ದಶಕದ ನಂತರ ಅದು ಪಾಶ್ಚಾತ್ಯ ದೇಶಗಳ ಶಿಶುಪಾಲನೆಯ ಪುಸ್ತಕಗಳಲ್ಲಿ, ಆಸ್ಪತ್ರೆಗಳಲ್ಲಿ ನೆಲೆಯೂರಿತು. ಕೇಳುವುದಕ್ಕೆ ಎಷ್ಟು ಸರಿಯಾಗಿದೆ! ಯಾರೂ ಲೆಕ್ಕ ಹಾಕಿ ನೋಡಲಿಲ್ಲ. ನೆದರ್ಲೆಂಡ್ಸ್‌ನಲ್ಲಿ 1970ರ ದಶಕದ ಆರಂಭದಲ್ಲಿ ಬೋರಲು ಮಲಗಿಸುವ ಸಲಹೆ ಹಬ್ಬಿದ ಮೇಲೆ ತೊಟ್ಟಿಲಿನ ಸಾವುಗಳು ಏರುತ್ತಾ ಹೋದವು. 1987ರಲ್ಲಿ ಅಲ್ಲಿನ ವೈದ್ಯರು ಇದನ್ನು ಗಮನಿಸಿ ಸಲಹೆಯನ್ನು ತಿರುಗಿಸಿದರು, ಸಾವುಗಳು ಇಳಿದವು. ನ್ಯೂಜಿಲೆಂಡ್‌ನಲ್ಲಿ 1987ರಿಂದ 1990ರವರೆಗೆ ನಡೆದ ದೊಡ್ಡ ಅಧ್ಯಯನವೂ ಬೋರಲು ಮಲಗುವುದು, ಹೊಗೆ, ಎದೆಹಾಲು ಇಲ್ಲದಿರುವುದು ಇವುಗಳನ್ನೇ ಎತ್ತಿ ತೋರಿಸಿತು.

ಬ್ರಿಟನ್ನಿನಲ್ಲಿ ಪೀಟರ್ ಫ್ಲೆಮಿಂಗ್ ಎಂಬ ಮಕ್ಕಳ ವೈದ್ಯರು ಇದೇ ತೀರ್ಮಾನಕ್ಕೆ ಬಂದಿದ್ದರು. ಆದರೆ ಮನೆಮನೆಗೆ ಈ ವಿಷಯ ಮುಟ್ಟಿಸಿದ್ದು ಒಬ್ಬ ತಾಯಿ. ಟಿವಿ ನಿರೂಪಕಿ ಆ್ಯನ್ ಡೈಮಂಡ್ ಅವರ ಪುಟ್ಟ ಮಗ 1991ರ ಜುಲೈನಲ್ಲಿ ಹೀಗೆ ತೀರಿಕೊಂಡ. ಅವರು ನ್ಯೂಜಿಲೆಂಡಿಗೆ ಹೋಗಿ ಅಲ್ಲಿ ಸಾವು ಇಳಿದ ಬಗೆಯನ್ನು ತಿಳಿದುಕೊಂಡು ಬಂದರು, ಸರ್ಕಾರದ ಬೆನ್ನು ಹತ್ತಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಸಾವಿನ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಹೊಸ ಔಷಧವಿಲ್ಲ, ಯಂತ್ರವಿಲ್ಲ, ಕಾಸಿನ ಖರ್ಚಿಲ್ಲ. ಮಗುವನ್ನು ಮಲಗಿಸುವ ಮಗ್ಗುಲು ಬದಲಾಯಿತು, ಅಷ್ಟೇ.

ಅಮೆರಿಕದಲ್ಲಿ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಸಲಹೆ ಬದಲಿಸಿತು, 1994ರಲ್ಲಿ ರಾಷ್ಟ್ರೀಯ ಪ್ರಚಾರ ಆರಂಭವಾಯಿತು. 1990ರಲ್ಲಿ 1 ಲಕ್ಷ ಜನನಕ್ಕೆ 130ರಷ್ಟಿದ್ದ ಸಿಡ್ಸ್ ಪ್ರಮಾಣ 2020ರ ಹೊತ್ತಿಗೆ 40ರೊಳಗೆ ಬಂತು. ಇಲ್ಲಿ ಒಂದು ಮಾತನ್ನು ಮರೆಯುವಂತಿಲ್ಲ. ಮೊದಲು ಸಿಡ್ಸ್ ಎಂದು ಬರೆಯುತ್ತಿದ್ದ ಎಷ್ಟೋ ಸಾವುಗಳನ್ನು ಈಗ ಉಸಿರುಗಟ್ಟಿದ ಸಾವು ಎಂದು ದಾಖಲಿಸುತ್ತಾರೆ. ನಿದ್ದೆಯಲ್ಲಾಗುವ ಸಾವುಗಳನ್ನೆಲ್ಲ ಕೂಡಿಸಿದರೆ ದೊಡ್ಡ ಇಳಿಕೆ ಕಂಡದ್ದು 1990ರ ದಶಕದಲ್ಲಿ, ಆಮೇಲೆ ಅಷ್ಟಾಗಿ ಇಳಿದಿಲ್ಲ. ಉಳಿದಿರುವ ಸಾವುಗಳಲ್ಲಿ ಹೆಚ್ಚಿನವಕ್ಕೆ ಮೆತ್ತನೆಯ ಹಾಸಿಗೆ, ದಿಂಬು, ಸೋಫಾ ಇವುಗಳ ನಂಟಿದೆ.

ಲಂಡನ್ನಿನ ರುತ್ ಗಿಲ್ಬರ್ಟ್ ಮತ್ತು ಸಂಗಡಿಗರು 2005ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದರು. ಬೋರಲು ಮಲಗಿಸುವುದು ಅಪಾಯ ಎಂಬುದಕ್ಕೆ 1970ರಷ್ಟು ಹಿಂದೆಯೇ ಸಾಕಷ್ಟು ಪುರಾವೆ ಇತ್ತು. ಯಾರಾದರೂ ಆಗಲೇ ಅದನ್ನು ಜೋಡಿಸಿ ನೋಡಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕಡಿಮೆಯೆಂದರೂ 50,000 ಶಿಶುಗಳ ಸಾವು ತಪ್ಪಿಸಬಹುದಿತ್ತು ಎಂದು ಅವರು ಅಂದಾಜಿಸಿದರು. ಈ ಸಂಖ್ಯೆಯನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಲು ಕಕ್ಕಿದರೆ ಏನಾಗುತ್ತದೆ?

ಅಂಗಾತ ಮಲಗಿಸಲು ಹೆದರುವವರ ಮನಸ್ಸಿನಲ್ಲಿ ಇಂದಿಗೂ ಇರುವ ಪ್ರಶ್ನೆ ಇದೊಂದೇ. ಹೆದರಿಕೆ ಸಹಜ, ಉತ್ತರವೂ ಸರಳ. ನಿಮ್ಮ ಗಂಟಲಿನ ಮುಂಭಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಗಟ್ಟಿಯಾಗಿ ಬಳೆಬಳೆಯಂತೆ ತಾಗುವುದು ಶ್ವಾಸನಾಳ. ಅನ್ನನಾಳ ಅದರ ಹಿಂದೆ ಬೆನ್ನಿನ ಕಡೆಗಿದೆ. ಮಗು ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ. ಕಕ್ಕಿದ ಹಾಲು ಕೆಳಗಿರುವ ಅನ್ನನಾಳದ ಬಾಯಲ್ಲೇ ನಿಲ್ಲುತ್ತದೆ. ಉಸಿರಿನ ದಾರಿಗೆ ಹೋಗಬೇಕಾದರೆ ಅದು ಮೇಲಕ್ಕೆ ಹತ್ತಬೇಕು. ಕೂಸು ಅಷ್ಟರಲ್ಲಿ ನುಂಗುತ್ತದೆ, ಇಲ್ಲವೇ ಕೆಮ್ಮಿ ಹೊರಹಾಕುತ್ತದೆ. ಬೋರಲು ಮಲಗಿದಾಗ ಇದೆಲ್ಲ ತಿರುಗುಮುರುಗು. ಅನ್ನನಾಳ ಮೇಲೆ, ಶ್ವಾಸನಾಳ ಕೆಳಗೆ, ಹಾಲು ಇಳಿಯುವ ದಾರಿಯಲ್ಲೇ ಉಸಿರಿನ ಬಾಯಿ. ಅಂಗಾತ ಮಲಗಿಸುವುದು ರೂಢಿಯಾದ ಮೇಲೆ ಮಕ್ಕಳು ಹಾಲು ನೆತ್ತಿಗೇರಿ ಸಾಯುವುದು ಹೆಚ್ಚಾಗಲಿಲ್ಲ. ಆಗಾಗ ಹಾಲು ಕಕ್ಕುವ ಮಕ್ಕಳಿಗೂ ಇದೇ ಸಲಹೆ. ಹುಟ್ಟಿನಿಂದಲೇ ಉಸಿರಿನ ದಾರಿಯಲ್ಲಿ ತೊಂದರೆಯಿರುವ ಬೆರಳೆಣಿಕೆಯ ಮಕ್ಕಳಿಗೆ ಬೇರೆ ರೀತಿ ಬೇಕಾಗಬಹುದು, ಅದನ್ನು ಅವರ ವೈದ್ಯರೇ ಹೇಳುತ್ತಾರೆ.

ಮಗ್ಗುಲಾಗಿ ಮಲಗಿಸಿದರೆ? ಅದೂ ಬೇಡ. ಮಗ್ಗುಲು ನಿಲ್ಲುವ ಭಂಗಿಯಲ್ಲ, ಸ್ವಲ್ಪ ಅಲುಗಾಡಿದರೂ ಕೂಸು ಬೋರಲು ಬೀಳುತ್ತದೆ.

ತೀವ್ರ ನಿಗಾ ಘಟಕದಲ್ಲಿದ್ದ ಪುಟ್ಟ ಮಕ್ಕಳ ತಂದೆತಾಯಿಗೆ ಇಲ್ಲೊಂದು ಗೊಂದಲವಾಗುತ್ತದೆ. ಅಲ್ಲಿ ನರ್ಸ್‌ಗಳು ಮಗುವನ್ನು ಬೋರಲು ಮಲಗಿಸಿದ್ದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಉಸಿರಾಟಕ್ಕೆ ನೆರವಾಗಲೆಂದು ಹಾಗೆ ಮಾಡುವುದುಂಟು, ಮೈಗೆ ಮಾನಿಟರ್ ಹಚ್ಚಿ ಕ್ಷಣಕ್ಷಣವೂ ನೋಡುತ್ತಿರುವ ಜಾಗದಲ್ಲಿ. ಮನೆಗೆ ಹೊರಡುವ ಎಷ್ಟೋ ದಿನ ಮುಂಚೆಯೇ ಅಂಗಾತಕ್ಕೆ ಅಭ್ಯಾಸ ಮಾಡಿಸಬೇಕು. ಮಾಡಿಸದಿದ್ದರೆ ಕೇಳಿ ಮಾಡಿಸಿಕೊಳ್ಳಿ.

ಬರಿದಾದ ತೊಟ್ಟಿಲು

ಮಗುವಿನ ಹಾಸಿಗೆ ಹೇಗಿರಬೇಕು? ನೋಡಿದವರಿಗೆ ‘ಅಯ್ಯೋ, ಎಷ್ಟು ಬೋಳಾಗಿದೆ’ ಅನ್ನಿಸುವಂತಿರಬೇಕು. ಗಟ್ಟಿಯಾದ, ಸಮತಟ್ಟಾದ ಹಾಸು, ಅದಕ್ಕೆ ಬಿಗಿಯಾಗಿ ಕೂರುವ ಒಂದು ಬಟ್ಟೆ. ದಿಂಬಿಲ್ಲ, ರಜಾಯಿಯಿಲ್ಲ, ಬೊಂಬೆಯಿಲ್ಲ, ಸುತ್ತ ಕಟ್ಟುವ ಮೆತ್ತೆಯಿಲ್ಲ. ಅಂಗೈಯಿಂದ ಒತ್ತಿ ಕೈ ತೆಗೆದ ಕೂಡಲೇ ಹಾಸು ಮೊದಲಿನಂತಾಗಬೇಕು, ಮಗುವನ್ನು ಮಲಗಿಸಿದರೆ ತಲೆಯ ಸುತ್ತ ತಗ್ಗು ಬೀಳಬಾರದು. ನಮ್ಮ ಬೆನ್ನಿಗೆ ಗಟ್ಟಿ ಅನ್ನಿಸುವುದು ಕೂಸಿಗೆ ಹಿತವಾಗಿಯೇ ಇರುತ್ತದೆ. ಮಗುವಿಗೆ ಮೆತ್ತಗೆ ಮಾಡಿಕೊಡುವುದು ಪ್ರೀತಿಯ ಸಹಜ ರೂಪ ಎಂಬುದು ನನಗೂ ಗೊತ್ತು. ಆ ಪ್ರೀತಿಯನ್ನು ಎಚ್ಚರದ ಹೊತ್ತಿಗೆ ಇಟ್ಟುಕೊಳ್ಳೋಣ.

ಇಳಿಜಾರು ಇನ್ನೊಂದು ಬಲೆ. ತಲೆ ಮೇಲೆ, ಕಾಲು ಕೆಳಗೆ ಇರುವಂತೆ ಒರಗಿಸಿದರೆ ಕೂಸಿನ ಭಾರವಾದ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗುತ್ತದೆ. ಎಳನೀರು ಹೀರುವ ಕೊಳವೆಯನ್ನು ಮಡಚಿದರೆ ಏನಾಗುತ್ತದೆಯೋ ಅದೇ ಉಸಿರಿನ ನಾಳಕ್ಕೂ ಆಗುತ್ತದೆ. ಅಂಥ ಒರಗು ತೊಟ್ಟಿಲುಗಳಲ್ಲಿ ಮಕ್ಕಳು ತೀರಿಕೊಂಡ ಮೇಲೆ 2019ರಲ್ಲಿ ಅಮೆರಿಕದಲ್ಲಿ ಒಂದೇ ಮಾದರಿಯ ಸುಮಾರು 47 ಲಕ್ಷ ತೊಟ್ಟಿಲುಗಳನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿಕೊಂಡರು. 2022ರಲ್ಲಿ ಅಲ್ಲಿ ಬಂದ ಕಾನೂನು 10 ಡಿಗ್ರಿಗಿಂತ ಹೆಚ್ಚು ವಾಲಿರುವ ಶಿಶು ಹಾಸಿಗೆಗಳನ್ನೂ ತೊಟ್ಟಿಲಿನ ಒಳಸುತ್ತಿಗೆ ಕಟ್ಟುವ ಮೆತ್ತೆಗಳನ್ನೂ ನಿಷೇಧಿಸಿತು. ಅಂಗಡಿಯಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಒಂದು ವಸ್ತು ಸುರಕ್ಷಿತ ಎಂದು ನಂಬುವಂತಿಲ್ಲ. ಪ್ರಯಾಣಕ್ಕೆ ಕಾರಿನ ಶಿಶು ಸೀಟು ಬೇಕೇ ಬೇಕು. ಆದರೆ ಮನೆ ತಲುಪಿದ ಮೇಲೂ ನಿದ್ದೆ ಕೆಡುತ್ತದೆಂದು ಅದರಲ್ಲೇ ಬಿಡಬೇಡಿ, ಎತ್ತಿ ಸಮತಟ್ಟಾದ ಜಾಗಕ್ಕೆ ಮಲಗಿಸಿ.

ಮೈಬಿಸಿ ಹೆಚ್ಚಾದಷ್ಟೂ ಎಚ್ಚರಾಗುವ ಶಕ್ತಿ ಕುಗ್ಗುತ್ತದೆ. ಮಗು ಬೆಚ್ಚಗಿದೆಯೇ ಎಂದು ಅಂಗೈ ಅಂಗಾಲು ಮುಟ್ಟಿ ನೋಡಿದರೆ ಮೋಸಹೋಗುತ್ತೀರಿ, ಅವು ತಣ್ಣಗಿರುವುದೇ ಹೆಚ್ಚು. ಎದೆ ಅಥವಾ ಹಿಂಗತ್ತು ಮುಟ್ಟಿ. ಬೆವರಿದ್ದರೆ, ಬಿಸಿಯಾಗಿದ್ದರೆ ಒಂದು ಪದರ ತೆಗೆಯಿರಿ. ಮನೆಯೊಳಗೆ ಮಲಗುವಾಗ ಟೋಪಿ ಬೇಡ, ಕೂಸು ಸೆಕೆಯನ್ನು ಹೊರಹಾಕುವುದು ಹೆಚ್ಚಾಗಿ ತಲೆಯಿಂದ. ಬಟ್ಟೆಯಲ್ಲಿ ಸುತ್ತಿ ಮಲಗಿಸುವವರು ಅಂಗಾತವೇ ಮಲಗಿಸಬೇಕು, ಮಗು ಮಗುಚಿಕೊಳ್ಳಲು ಪ್ರಯತ್ನಿಸುತ್ತಿದೆ ಅನ್ನಿಸಿದ ದಿನವೇ ಸುತ್ತುವುದನ್ನು ನಿಲ್ಲಿಸಬೇಕು. ಕೈ ಕಟ್ಟಿಸಿಕೊಂಡು ಬೋರಲು ಬಿದ್ದ ಕೂಸಿಗೆ ತಲೆ ಎತ್ತಲು ಆಸರೆಯೇ ಇರುವುದಿಲ್ಲ.

ರಾತ್ರಿ ಮೂರು ಗಂಟೆಗೆ

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದು ಹೀಗೆ: ಕಡಿಮೆಯೆಂದರೂ ಮೊದಲ ಆರು ತಿಂಗಳು ಮಗು ನಿಮ್ಮದೇ ಕೋಣೆಯಲ್ಲಿ, ನಿಮ್ಮ ಹಾಸಿಗೆಯ ಪಕ್ಕದಲ್ಲಿ, ಆದರೆ ತನ್ನದೇ ಹಾಸಿನ ಮೇಲೆ ಮಲಗಲಿ. ಪಕ್ಕದಲ್ಲಿ ಜನರಿದ್ದಾಗ ಕೂಸಿನ ನಿದ್ದೆ ತೆಳುವಾಗಿರುತ್ತದೆ, ನಿಮಗೂ ಅದರ ಸದ್ದು ಕೇಳಿಸುತ್ತದೆ.

ಒಂದೇ ಹಾಸಿಗೆಯಲ್ಲಿ ಮಲಗುವ ಬಗ್ಗೆ ತಜ್ಞರಲ್ಲೇ ಮಾತಿನ ವ್ಯತ್ಯಾಸವಿದೆ. ಕೆಲವರು ಎಂದೂ ಬೇಡ ಎನ್ನುತ್ತಾರೆ. ಇನ್ನು ಕೆಲವರು, ಹೇಗಿದ್ದರೂ ಜನ ಮಲಗುತ್ತಾರೆ, ಯಾವಾಗ ಅಪಾಯ ಹೆಚ್ಚು ಎಂಬುದನ್ನಾದರೂ ಸ್ಪಷ್ಟವಾಗಿ ಹೇಳೋಣ ಎನ್ನುತ್ತಾರೆ. ನನಗೆ ಎರಡನೆಯ ದಾರಿ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಹಾಸಿಗೆಯಲ್ಲಿರುವ ಯಾರಾದರೂ ಧೂಮಪಾನ ಮಾಡುವವರಾಗಿದ್ದರೆ, ಮದ್ಯ ಸೇವಿಸಿದ್ದರೆ, ಮಂಪರು ತರುವ ಮಾತ್ರೆ ತೆಗೆದುಕೊಂಡಿದ್ದರೆ, ಮಗು ನಾಲ್ಕು ತಿಂಗಳೊಳಗಿನದಾಗಿದ್ದರೆ, ದಿನ ತುಂಬದೆ ಹುಟ್ಟಿದ್ದರೆ ಅಪಾಯ ಹಲವು ಪಟ್ಟು ಏರುತ್ತದೆ. ಅಂಥ ಮನೆಯಲ್ಲಿ ಜೊತೆಗೆ ಮಲಗುವುದು ಬೇಡವೇ ಬೇಡ.

ಎಲ್ಲಕ್ಕಿಂತ ಕೆಟ್ಟ ಜಾಗ ಸೋಫಾ. ಈ ಚಿತ್ರವನ್ನು ನೆನಪಿಟ್ಟುಕೊಳ್ಳಿ. ರಾತ್ರಿ ಮೂರು ಗಂಟೆ. ನಾಲ್ಕನೇ ಬಾರಿ ಎದ್ದ ತಾಯಿ, ಬೇರೆಯವರ ನಿದ್ದೆ ಕೆಡಿಸಬಾರದೆಂದು ಮಗುವನ್ನು ಎತ್ತಿಕೊಂಡು ಹೊರಗೆ ಬಂದು ಸೋಫಾದಲ್ಲಿ ಕೂತು ಹಾಲೂಡುತ್ತಾಳೆ. ಹಾಸಿಗೆಯಲ್ಲಿ ಹಾಲೂಡುವುದು ಅಪಾಯ ಎಂದು ಎಲ್ಲೋ ಕೇಳಿದ್ದಾಳೆ. ಕಣ್ಣು ತೂಗುತ್ತದೆ, ತೋಳು ಸಡಿಲವಾಗುತ್ತದೆ. ಕೂಸು ಜಾರಿ ಅವಳ ಮೈಗೂ ಸೋಫಾದ ಮೆತ್ತೆಗೂ ನಡುವಿನ ಸಂದಿಗೆ ಇಳಿಯುತ್ತದೆ, ಮುಖ ಬಟ್ಟೆಗೆ ಒತ್ತುತ್ತದೆ. ದೊಡ್ಡವರು ಮಗುವಿನ ಜೊತೆ ಸೋಫಾದಲ್ಲಿ ನಿದ್ದೆ ಹೋದಾಗ ಸಾವಿನ ಅಪಾಯ 50 ಪಟ್ಟಿನವರೆಗೂ ಏರಬಹುದು ಎಂಬ ಅಂದಾಜಿದೆ. ಹಾಲೂಡುತ್ತಾ ನಿದ್ದೆ ಬಂದೀತು ಅನ್ನಿಸಿದರೆ ಸೋಫಾಕ್ಕಿಂತ ಹಾಸಿಗೆಯೇ ವಾಸಿ. ಮೊದಲೇ ದಿಂಬು, ಹೊದಿಕೆಗಳನ್ನು ದೂರ ಸರಿಸಿಡಿ. ಎಚ್ಚರವಾದ ಕೂಡಲೇ ಮಗುವನ್ನು ಅದರದೇ ಹಾಸಿನ ಮೇಲೆ ಮಲಗಿಸಿ. ಮನೆಯ ಇನ್ನೊಬ್ಬರು ಆ ಹೊತ್ತಿನಲ್ಲಿ ಎದ್ದು ಪಕ್ಕ ಕೂತರೆ ಅದು ತಾಯಿಗೂ ದೊಡ್ಡ ಆಸರೆ.

ಹೊಗೆ, ಹಾಲು, ಚೀಪುವ ನಿಪ್ಪಲ್

ಮಲಗಿಸುವ ಭಂಗಿಯಷ್ಟೇ ತೂಕವಿರುವ ಇನ್ನೊಂದು ಸಂಗತಿ ತಂಬಾಕಿನ ಹೊಗೆ. ಗರ್ಭದಲ್ಲಿರುವಾಗ ಮುಟ್ಟಿದ ನಿಕೋಟಿನ್ ಮಿದುಳಿನ ಕಾಂಡದ ಬೆಳವಣಿಗೆಯನ್ನೇ ಕೆಡಿಸುತ್ತದೆ, ಅಂದರೆ ಎಚ್ಚರಿಸುವ ಗಂಟೆಯನ್ನೇ ಮಂದ ಮಾಡುತ್ತದೆ. ಅಮೆರಿಕದ ಜನನ ಮರಣ ದಾಖಲೆಗಳನ್ನು ಪರಿಶೀಲಿಸಿದ 2019ರ ಅಧ್ಯಯನವೊಂದು, ಗರ್ಭಿಣಿ ದಿನಕ್ಕೆ ಒಂದೇ ಸಿಗರೇಟು ಸೇದಿದರೂ ಅಪಾಯ ಎರಡು ಪಟ್ಟಾಗುತ್ತದೆ ಎಂದು ಕಂಡಿತು. ಹುಟ್ಟಿದ ಮೇಲೆ ಮನೆಯ ಯಾರ ಹೊಗೆಯೂ ಕೂಸಿಗೆ ಆಗದು. ಕಿಟಕಿ ತೆರೆದು ಸೇದುವುದು ಪರಿಹಾರವೇ ಅಲ್ಲ.

ಎದೆಹಾಲು ಕಾಪಾಡುತ್ತದೆ. ಎರಡು ತಿಂಗಳಾದರೂ ಕುಡಿದ ಮಕ್ಕಳಲ್ಲಿ ಸಿಡ್ಸ್ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎದೆಹಾಲು ಕುಡಿಯುವ ಕೂಸು ಸುಲಭವಾಗಿ ಎಚ್ಚರವಾಗುತ್ತದೆ, ಸೋಂಕುಗಳೂ ಕಡಿಮೆ. ಮಲಗುವಾಗ ಚೀಪುವ ನಿಪ್ಪಲ್ (ಪ್ಯಾಸಿಫೈಯರ್) ಕೊಟ್ಟರೂ ಅಪಾಯ ಇಳಿಯುತ್ತದೆ, ನಿದ್ದೆಯಲ್ಲಿ ಬಾಯಿಂದ ಬಿದ್ದುಹೋದರೂ ಆ ಲಾಭ ಉಳಿಯುತ್ತದೆ. ಎದೆಹಾಲು ಕುಡಿಯುವುದು ಚೆನ್ನಾಗಿ ರೂಢಿಯಾದ ಮೇಲೆ ಶುರುಮಾಡಿದರಾಯಿತು. ದಾರ ಕಟ್ಟಿ ಕೊರಳಿಗೆ ಹಾಕಬೇಡಿ, ಮಗು ಬೇಡವೆಂದರೆ ಒತ್ತಾಯವೂ ಬೇಡ.

ಲಸಿಕೆಯ ಬಗ್ಗೆ ಹಬ್ಬಿರುವ ಭಯ ತಪ್ಪು. ಸಿಡ್ಸ್ ಹೆಚ್ಚಾಗಿರುವ ತಿಂಗಳುಗಳಲ್ಲೇ ಮೊದಲ ಲಸಿಕೆಗಳೂ ಬೀಳುವುದರಿಂದ ಎರಡಕ್ಕೂ ನಂಟು ಕಲ್ಪಿಸಿದರು. ಲೆಕ್ಕ ಹಾಕಿ ನೋಡಿದಾಗ ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲೇ ಸಾವು ಕಡಿಮೆ.

ಉಸಿರು, ಹೃದಯದ ಬಡಿತ ಅಳೆದು ಮೊಬೈಲಿಗೆ ಸುದ್ದಿ ಕಳಿಸುವ ಕಾಲುಚೀಲ, ಪಟ್ಟಿಗಳನ್ನು ಕೊಳ್ಳಬೇಕೆ ಎಂದು ಅನೇಕರು ಕೇಳುತ್ತಾರೆ. ಇವು ಸಿಡ್ಸ್ ತಡೆಯುತ್ತವೆ ಎಂಬುದಕ್ಕೆ ಪುರಾವೆಯಿಲ್ಲ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಸಾವು ಬರುತ್ತದೆ ಎಂಬ ವಾದ 1972ರಲ್ಲಿ ಪ್ರಕಟವಾದ ಮೇಲೆ ಮನೆಯ ಮಾನಿಟರ್‌ಗಳು ಬಂದವು. ಆ ಲೇಖನದ ಮುಖ್ಯ ಆಧಾರವಾಗಿದ್ದ ಇಬ್ಬರು ಶಿಶುಗಳ ಸಾವು ಸಹಜವಲ್ಲ, ಕೊಲೆ ಎಂದು 1995ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. 2001ರಲ್ಲಿ ಬಂದ, ಸಾವಿರಕ್ಕೂ ಹೆಚ್ಚು ಶಿಶುಗಳ ಅಧ್ಯಯನ ಪೂರ್ಣ ಆರೋಗ್ಯವಂತ ಮಕ್ಕಳಲ್ಲೂ ಉಸಿರು ಆಗಾಗ ನಿಲ್ಲುವುದುಂಟು ಎಂದು ತೋರಿಸಿತು. ಮಾನಿಟರ್ ಇದೆಯೆಂಬ ಧೈರ್ಯದಲ್ಲಿ ಮಗುವನ್ನು ಬೋರಲು ಮಲಗಿಸಿದರೆ ಆ ಧೈರ್ಯವೇ ಅಪಾಯ.

ಬೋರಲು ಬಿದ್ದಾಗ

ಒಂದಲ್ಲ ಒಂದು ದಿನ ಮಗು ತಾನಾಗಿ ಮಗುಚಿಕೊಳ್ಳುತ್ತದೆ. ಆಗ ರಾತ್ರಿಯೆಲ್ಲ ಎದ್ದು ತಿರುಗಿಸುತ್ತಾ ಕೂರಬೇಕೆ? ಅಂಗಾತದಿಂದ ಬೋರಲಿಗೆ, ಬೋರಲಿನಿಂದ ಅಂಗಾತಕ್ಕೆ ಎರಡೂ ಕಡೆ ಸಲೀಸಾಗಿ ಹೊರಳುವ ಮಗುವನ್ನು ಅದು ಆರಿಸಿಕೊಂಡ ಭಂಗಿಯಲ್ಲೇ ಬಿಡಬಹುದು. ಮಲಗಿಸುವಾಗ ಮಾತ್ರ ಒಂದು ವರ್ಷ ತುಂಬುವವರೆಗೂ ಅಂಗಾತವೇ.

ಹಗಲಲ್ಲಿ ಎಚ್ಚರವಿದ್ದಾಗ, ನೀವು ಎದುರಿಗೇ ಕೂತಿದ್ದಾಗ, ಬೋರಲು ಹಾಕಿ ಆಡಿಸುವುದು ಬೇಕೇ ಬೇಕು. ಕತ್ತು, ಭುಜ, ತೋಳು ಬಲಿಯುವುದು ಹಾಗೆಯೇ. ದಿನಕ್ಕೆರಡು ಮೂರು ಬಾರಿ ಕೆಲವೇ ನಿಮಿಷಗಳಿಂದ ಶುರುಮಾಡಿ, ಏಳು ವಾರದ ಹೊತ್ತಿಗೆ ದಿನಕ್ಕೆ ಒಟ್ಟು 15ರಿಂದ 30 ನಿಮಿಷ ಆಗುವಂತೆ ನೋಡಿಕೊಂಡರೆ ಸಾಕು. ಸದಾ ಅಂಗಾತ ಮಲಗಿ ತಲೆಯ ಹಿಂಭಾಗ ಚಪ್ಪಟೆಯಾದೀತೆಂಬ ಚಿಂತೆಗೂ ಇದೇ ಮದ್ದು. ಒಂದು ದಿನ ಮಗುವಿನ ತಲೆ ಹಾಸಿಗೆಯ ಈ ತುದಿಗೆ, ಮರುದಿನ ಆ ತುದಿಗೆ ಇರುವಂತೆ ಮಲಗಿಸಿದರೆ ಅದು ಬೆಳಕಿನತ್ತ, ಮನುಷ್ಯರತ್ತ ಬೇರೆ ಬೇರೆ ಕಡೆಗೆ ಕತ್ತು ತಿರುಗಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಮಗುವನ್ನು ಕಳೆದುಕೊಂಡವರಿದ್ದಾರೆ. ಅವರಿಗೆ ಹೇಳಬೇಕಾದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಈ ನಿಯಮಗಳು ಅಪಾಯವನ್ನು ಇಳಿಸುತ್ತವೆ, ಇಲ್ಲವಾಗಿಸುವುದಿಲ್ಲ. ಮಿದುಳಿನ ಒಳಗಿದ್ದ ದೌರ್ಬಲ್ಯವನ್ನು ಯಾವ ತಾಯಿಯೂ, ಯಾವ ವೈದ್ಯರೂ ಕಾಣಲಾರರು. ಅಂಥ ಮನೆಗೆ ಹೋದವರು ‘ಹೇಗೆ ಮಲಗಿಸಿದ್ದಿರಿ’ ಎಂದು ಕೇಳಬೇಡಿ. ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಸಾವಿರ ಸಲ ಕೇಳಿಕೊಂಡಿರುತ್ತಾರೆ.

ಕೊನೆಯದಾಗಿ, ಮಗುವನ್ನು ಬೇರೆಯವರ ಕೈಗೆ ಒಪ್ಪಿಸುವ ದಿನದ ಮಾತು. ದಿನವೂ ಅಂಗಾತ ಮಲಗಿ ರೂಢಿಯಾದ ಕೂಸನ್ನು ಒಂದು ದಿನ ಯಾರೋ ಬೋರಲು ಮಲಗಿಸಿದರೆ, ಅಪಾಯ ಯಾವತ್ತೂ ಬೋರಲು ಮಲಗುವ ಕೂಸಿಗಿಂತಲೂ ಹೆಚ್ಚು. ಆ ಭಂಗಿಯಲ್ಲಿ ತಲೆ ಎತ್ತಿ ತಿರುಗಿಸುವುದು ಅದಕ್ಕೆ ಗೊತ್ತಿರುವುದಿಲ್ಲ. ಕೂಸನ್ನು ನೋಡಿಕೊಳ್ಳುವ ಹಿರಿಯರು ‘ನಿನ್ನನ್ನೂ ಬೋರಲು ಮಲಗಿಸಿಯೇ ಬೆಳೆಸಿದ್ದು’ ಎಂದಾರು. ಅವರು ಹೇಳುವುದು ನಿಜ, ಅವರ ಕಾಲದಲ್ಲಿ ಡಾಕ್ಟರರೇ ಹಾಗೆ ಹೇಳಿದ್ದಿರಬಹುದು. ವಾದಕ್ಕೆ ಇಳಿಯುವ ಬದಲು ಅವರ ಗಂಟಲಿನ ಮೇಲೆ ಅವರದೇ ಬೆರಳಿಡಿಸಿ ಶ್ವಾಸನಾಳ ಮುಂದೆ, ಅನ್ನನಾಳ ಹಿಂದೆ ಎಂದು ತೋರಿಸಿ. ಮೊದಲ ಸಲ ಇಬ್ಬರೂ ಸೇರಿಯೇ ಮಲಗಿಸಿ. ಹಾಲು ಎಷ್ಟು ಹೊತ್ತಿಗೆ, ಎಷ್ಟು ಎಂದು ಹೇಳಿ ಹೊರಡುವಾಗ ಇನ್ನೊಂದು ಮಾತು ಸೇರಿಸಿ: ‘ಹಗಲು ಹತ್ತು ನಿಮಿಷದ ನಿದ್ದೆಯಾದರೂ ಅಂಗಾತವೇ ಮಲಗಿಸಿ, ಇವಳಿಗೆ ಬೋರಲು ಮಲಗಿ ಅಭ್ಯಾಸವಿಲ್ಲ.’